ಬೆಳಕಿಂಡಿಗೆ ತೂಗಿದ ಫೋನು

ನಮ್ಮ ಊರಿನ ಮನೆಯ ಪಡಸಾಲೆಯಲ್ಲಿ, ಬೆಳಕಿಂಡಿಯ ನೇರ ಕೆಳಗೆ, ಖಾಕಿ ಬಟ್ಟೆಯ ಒಂದು ಸಣ್ಣ ಚೀಲ ಹಗ್ಗಕ್ಕೆ ತೂಗುತ್ತದೆ. ಮೊದಲು ಅದರಲ್ಲಿ ಮುಂದಿನ ಮಳೆಗಾಲಕ್ಕೆಂದು ಎತ್ತಿಟ್ಟ ಹೀರೆ, ಸೌತೆ ಬೀಜ ಇರುತ್ತಿದ್ದವು. ಈಗ ಅವ್ವನ ಫೋನು ಇದೆ. ಮುಂಜಾನೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಮಾಳಿಗೆಯ ಕಿಂಡಿಯಿಂದ ಇಳಿದ ಬಿಸಿಲಿನ ಚೌಕ ಗೋಡೆಯಿಂದ ಜಾರುತ್ತ ಜಾರುತ್ತ ಚೀಲದ ಮೇಲೆ ಬಂದು ನಿಲ್ಲುತ್ತದೆ. ಬೆಳಕು ಇಳಿಯುವ ದಾರಿಯಲ್ಲೇ ಟವರೂ ಇಳಿಯುತ್ತದೆ ಎಂಬುದನ್ನು ಅವ್ವ ಯಾರೂ ಹೇಳಿಕೊಡದೆ ಕಂಡುಕೊಂಡಳು.

ಫೋನು ಬಡಕೊಂಡಿತೆಂದರೆ ಒಲೆಯ ಮುಂದಿನಿಂದ ಎದ್ದು, ಜೋಳದ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬರುತ್ತಾಳೆ. ಚೀಲದಿಂದ ಫೋನು ತೆಗೆಯುವಂತಿಲ್ಲ. ತೆಗೆದು ಕಿವಿಗೆ ಹಿಡಿದರೆ ಎರಡನೇ ಮಾತಿಗೇ ಕಟ್ ಆಗುತ್ತದೆ. ಹಾಗಾಗಿ ಚೀಲದೊಳಗೆ ಬೆರಳು ಹಾಕಿ ಹಸಿರು ಗುಂಡಿ ಸರಿಸಿ, ಸ್ಪೀಕರ್ ಹಚ್ಚಿ, ತಲೆ ಎತ್ತಿ ನಿಂತು ಮಾತಾಡಬೇಕು. ದೇವರ ಮುಂದೆ ಹರಕೆ ಹೇಳಿಕೊಳ್ಳುವವರ ಹಾಗೆ ನಿಂತು ಆಕೆ ನನ್ನ ಜೊತೆ ಮಾತಾಡುತ್ತಾಳೆಂದು ನನಗೆ ಗೊತ್ತಾದದ್ದು, ನಾನು ಊರಿಗೆ ಹೋಗಿ ಕಣ್ಣಾರೆ ಕಂಡಾಗಲೇ. ಬೆಂಗಳೂರಿನಲ್ಲಿ ಕೂತ ನನಗೆ ಅಲ್ಲಿಯವರೆಗೆ ಕೇಳುತ್ತಿದ್ದದ್ದು ಇಷ್ಟೇ: “ಕೇಳಸವಲ್ದು… ಹಲೋ… ತಮ್ಮಾ, ತಡಿ, ಮಾಳಗಿ ಮ್ಯಾಲ ಹೋಗಿ ಹಚ್ತೀನಿ.” ಆಮೇಲೆ ನಾನೇ ಹಚ್ಚಿದರೆ, ಎಲ್ಲರಿಗೂ ಬಾಯಿಪಾಠವಾಗಿರುವ ಆ ಹೆಣ್ಣು ದನಿ: ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಎಪ್ಪತ್ತರ ಹತ್ತಿರದ ನನ್ನ ಅವ್ವ ತನ್ನ ಸ್ವಂತ ಅಡುಗೆಮನೆಯಲ್ಲಿ ಕೂತು ವ್ಯಾಪ್ತಿ ಪ್ರದೇಶದ ಹೊರಗಿರುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಊರಿಗೆ ಹೋಗುವ ದಾರಿಯನ್ನು ಈಗ ನಾನು ಫೋನಿನ ಕಡ್ಡಿಗಳಲ್ಲೇ ಅಳೆಯುತ್ತೇನೆ. ರಾತ್ರಿ ಬೆಂಗಳೂರು ಬಿಟ್ಟ ಉದ್ಯಾನ್ ಎಕ್ಸ್‌ಪ್ರೆಸ್ ನಸುಕಿನಲ್ಲಿ ಯಾದಗಿರಿ ನಿಲ್ದಾಣಕ್ಕೆ ಬಂದಾಗ ಕಡ್ಡಿಗಳು ತುಂಬಿರುತ್ತವೆ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ನಾಡಿನ 30ನೇ ಜಿಲ್ಲೆಯಾದ ಊರು ಇದು. ಕೋಟೆಯ ಬೆಟ್ಟ, ಅದರ ಬುಡದಲ್ಲಿ ಪೇಟೆ, ಜಿಲ್ಲಾ ಕಚೇರಿಗಳು. ಇಲ್ಲಿ ಕೊರತೆ ಇಲ್ಲ. ಬಸ್ಸು ಊರು ದಾಟಿ ಭೀಮಾ ನದಿಯ ಸೇತುವೆ ಹತ್ತಿದಾಗಲೂ ಪರವಾಗಿಲ್ಲ. ಎರಡೂ ಕಡೆ ಹತ್ತಿ ಹೊಲ, ತೊಗರಿ ಹೊಲ ಶುರುವಾದ ಮೇಲೆ ಒಂದೊಂದೇ ಕಡ್ಡಿ ಉದುರುತ್ತದೆ. ಒಂದು ತಾಸಿನ ಹಾದಿಯ ಕೊನೆಗೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಾಣಿಸುತ್ತದೆ. ಹಣೆ, ಮೂಗು, ತುಟಿ, ಎದೆ ಎಲ್ಲ ಬಂಡೆಯಲ್ಲೇ ಮೂಡಿ, ಆಕಾಶ ನೋಡುತ್ತ ಮಲಗಿದ ಆಕಾರ. ಪೇಟೆಯೊಳಗೆ ಕಡ್ಡಿಗಳು ಮತ್ತೆ ತುಂಬುತ್ತವೆ, ಭೀಮರಾಯನಗುಡಿಯವರೆಗೂ ನಡೆಯುತ್ತದೆ. ಅಲ್ಲಿಂದ ಸುರಪುರದ ಕಡೆ ಹೊರಟರೆ ಕಾಲುವೆ ನೀರಿನ ಭತ್ತದ ಗದ್ದೆ, ನಡುನಡುವೆ ಗುಂಡುಕಲ್ಲಿನ ಗುಡ್ಡ. ಗುಡ್ಡದ ಈ ಮಗ್ಗುಲಲ್ಲಿ ಮಾತು ಸ್ಪಷ್ಟ, ಆ ಮಗ್ಗುಲಿಗೆ ಹೋದರೆ ಮೌನ. ಸುರಪುರವಂತೂ ಬೆಟ್ಟಗಳನ್ನೇ ಗೋಡೆ ಮಾಡಿಕೊಂಡು ನಾಯಕ ಅರಸರು ಕಟ್ಟಿದ ಊರು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ತನ್ನ ಬಂಗಲೆ ‘ಮಂಜಿಲ್’ ಕಟ್ಟಿಸಿಕೊಳ್ಳಲು ಗುಡ್ಡದ ನೆತ್ತಿಯನ್ನೇ ಆರಿಸಿಕೊಂಡ. ಅಲ್ಲಿ ನಿಂತರೆ ಊರೆಲ್ಲ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಟವರ್ ನಿಲ್ಲಿಸುವವರಿಗೂ ಬೇಕಾದದ್ದು ಅಂಥದೇ ಜಾಗ. ಕಣ್ಣಿಗೆ ಕಾಣುವಷ್ಟು ದೂರವೇ ಹೆಚ್ಚುಕಡಿಮೆ ಅಲೆಗೂ ಸುಲಭದ ದೂರ. ಬೆಟ್ಟ ಅಡ್ಡ ಬಂದಲ್ಲಿ ನೆರಳು ಬೀಳುತ್ತದೆ, ಆ ನೆರಳಿನಲ್ಲಿ ಊರುಗಳಿವೆ.

ನಮ್ಮೂರು ಅಂಥ ನೆರಳಿನ ಅಂಚಿನಲ್ಲಿದೆ. ಅಗಸಿಯಲ್ಲಿ ಬಸ್ಸಿಳಿದಾಗ ಎರಡು ಕಡ್ಡಿ, ಹನುಮಪ್ಪನ ಗುಡಿ ಕಟ್ಟೆಗೆ ಒಂದು, ನಮ್ಮ ತಲಬಾಗಿಲಲ್ಲಿ ಬಂದದ್ದು ಹೋದದ್ದು ಗೊತ್ತಾಗದ ಒಂದು, ಒಳಗೆ ಸೊನ್ನೆ.

ಸಂಜೆಯಾದರೆ ಊರು ಎತ್ತರಕ್ಕೆ ಏರುತ್ತದೆ. ನಮ್ಮ ಭಾಗದ ಹಳ್ಳಿಗಳ ನಡುವೆ ಹುಡೇವು ಅಂತ ಇರುತ್ತದೆ. ದರೋಡೆಕೋರರು, ದಂಡು ಬರುವುದನ್ನು ದೂರದಿಂದಲೇ ಕಾಣಲು ಹಿಂದಿನವರು ಕಟ್ಟಿದ ಕಲ್ಲಿನ ದುಂಡನೆಯ ಕಾವಲು ಬುರುಜು. ನಮ್ಮೂರ ಹುಡೇವಿನ ಮೇಲ್ಭಾಗ ಅರ್ಧ ಉದುರಿದೆ, ಮೆಟ್ಟಿಲು ಸಂದಿಯಲ್ಲಿ ಬೇವಿನ ಗಿಡ ಹುಟ್ಟಿದೆ. ಹೊತ್ತು ಮುಳುಗುವಾಗ ಅಲ್ಲಿ ಎಂಟು ಹತ್ತು ಜನ. ಕೆಲವರು ನಿಂತು, ಕೆಲವರು ತುದಿಗಾಲಲ್ಲಿ ಕೂತು, ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಮುಖ ಮಾಡಿ. ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಗುಳೇ ಹೋದವರು ದಿನದ ಕೆಲಸ ಮುಗಿಸಿ, ಕಟ್ಟಡದ ಕೆಳಗೆ ಶೀಟಿನ ಜೋಪಡಿಯಲ್ಲಿ ಅನ್ನಕ್ಕಿಟ್ಟು ಫೋನು ಹಚ್ಚುವ ಹೊತ್ತು ಅದು. “ಪಿಂಚಣಿ ಬಂತೇನ?” “ಆಕಳ ಈದೈತೇನು?” “ಕೂಸಿಗಿ ಜ್ವರ ಇಳದಾವೇನ?” ಎಲ್ಲ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಹೊಸದಾಗಿ ಮದುವೆಯಾಗಿ ಗಂಡನನ್ನು ಮುಂಬೈಗೆ ಕಳಿಸಿದ ಹುಡುಗಿಯೊಬ್ಬಳು ಜನರೆಲ್ಲ ಇಳಿದು ಹೋಗುವ ತನಕ ಕೆಳಗೆ ಬೇವಿನ ಬುಡದಲ್ಲಿ ಕಾಯುತ್ತ ಕೂತದ್ದನ್ನು ನಾನು ನೋಡಿದ್ದೇನೆ. ಆಕೆ ಹತ್ತುವ ಹೊತ್ತಿಗೆ ಕತ್ತಲಾಗಿತ್ತು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಫೋನು. ಆ ಮೆಟ್ಟಿಲುಗಳಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

ಮನೆಯೊಳಗೇಕೆ ಬರುವುದಿಲ್ಲ ಎಂದು ಒಂದು ಮಧ್ಯಾಹ್ನ ಕೂತು ಅಳೆದೆ. ಫೋನಿನ ಸೆಟ್ಟಿಂಗ್ಸ್ ಒಳಗೆ ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಜಾಗವಿದೆ. ಸಂಖ್ಯೆಯ ಹಿಂದೆ ಋಣ ಚಿಹ್ನೆ ಇರುತ್ತದೆ, ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. ಮಾಳಿಗೆಯ ಮೇಲೆ ಮೈನಸ್ 92 ತೋರಿಸಿತು. ಅಂಗಳದಲ್ಲಿ 99. ಬೆಳಕಿಂಡಿಯ ಕೆಳಗೆ 104. ಪಡಸಾಲೆಯ ಮೂಲೆಯಲ್ಲಿ 112. ಅಡುಗೆಮನೆಯಲ್ಲಿ ಸಂಖ್ಯೆಯೇ ಇಲ್ಲ, ‘ಸೇವೆ ಇಲ್ಲ’ ಎಂಬ ಅಕ್ಷರ. ಈ ಅಳತೆಯಲ್ಲಿ ಹತ್ತು ಇಳಿದರೆ ಬಲ ಹತ್ತನೇ ಒಂದು ಪಾಲಿಗೆ ಬರುತ್ತದೆ, ಇಪ್ಪತ್ತು ಇಳಿದರೆ ನೂರನೇ ಒಂದು ಪಾಲಿಗೆ. ಮಾಳಿಗೆಯ ಮೇಲಿದ್ದ ನೂರು ಪಾಲಿನಲ್ಲಿ ಪಡಸಾಲೆಯ ಮೂಲೆಗೆ ಒಂದೇ ಪಾಲು ಇಳಿದಿತ್ತು. ನಡುವೆ ಇರುವುದು ಒಂದೂವರೆ ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಫರಸಿ ಕಲ್ಲು, ಅದರ ಮೇಲೆ ಗೇಣು ದಪ್ಪದ ಮಣ್ಣಿನ ಮೇಲ್ಮುದ್ದೆ. ಏಪ್ರಿಲ್‌ ಬಿಸಿಲಿನಲ್ಲಿ ನಮ್ಮನ್ನು ತಂಪಾಗಿ ಇಡಲು ಮುತ್ತಾತ ಕಟ್ಟಿಸಿದ ಮನೆ ಅದು. ಬಿಸಿಲನ್ನು ತಡೆದಷ್ಟೇ ನಿಷ್ಠೆಯಿಂದ ಅಲೆಯನ್ನೂ ತಡೆಯುತ್ತದೆ. ಹೊಸ ಮನೆಯವರಿಗೂ ಸುಖವಿಲ್ಲ. ಸಿಮೆಂಟಿನ ಸ್ಲ್ಯಾಬಿನಲ್ಲಿ ಕಬ್ಬಿಣದ ಜಾಲ, ತಗಡಿನ ಮನೆಗಂತೂ ತಗಡೇ ಕನ್ನಡಿ. ಅಲೆ ಅದಕ್ಕೆ ತಾಗಿ ಹಿಂದಕ್ಕೆ ಹೋಗುತ್ತದೆ.

ಅಲೆಗಳಲ್ಲೂ ಜಾತಿಗಳಿವೆ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗೋಡೆಯೊಳಗೂ ತಕ್ಕಮಟ್ಟಿಗೆ ನುಸುಳುತ್ತವೆ. 1800, 2300ರವು ಹೆಚ್ಚು ಮಾಹಿತಿ ಹೊತ್ತರೂ ಬೇಗ ದಣಿಯುತ್ತವೆ. 5ಜಿಗೆ ಬಳಸುವ 3300ರವು ಇನ್ನೂ ಬೇಗ. ಒಂದೇ ಊರಿನಲ್ಲಿ ಒಂದು ಕಂಪನಿಯ ಸಿಮ್ ಪಡಸಾಲೆಯಲ್ಲಿ ಮಾತಾಡಿ, ಇನ್ನೊಂದರದು ಅಂಗಳದಲ್ಲೇ ಸಾಯುವುದಕ್ಕೆ ಟವರಿನ ದೂರದ ಜೊತೆಗೆ ಇದೂ ಕಾರಣ. ಇಷ್ಟರ ಮೇಲೆ ಕರೆಂಟು. ಕರೆಂಟು ಹೋದ ಮೇಲೆ ಟವರು ಬ್ಯಾಟರಿ ಇರುವಷ್ಟು ಹೊತ್ತು ಬದುಕುತ್ತದೆ, ಡೀಸೆಲ್ ಹಾಕುವವರಿಲ್ಲದಿದ್ದರೆ ಅದೂ ಮಲಗುತ್ತದೆ. ಗಾಳಿಮಳೆಯ ರಾತ್ರಿ, ಯಾರಿಗಾದರೂ ಹಾವು ಕಡಿಯುವ ರಾತ್ರಿ, ಹೆರಿಗೆ ನೋವು ಬರುವ ರಾತ್ರಿ, ಫೋನು ಸತ್ತಿರುವುದು ಅದೇ ರಾತ್ರಿ. ಒಂದು ಮಾತು ಎಲ್ಲರಿಗೂ ತಿಳಿದಿರಲಿ: ನಿಮ್ಮ ಕಂಪನಿಯ ಟವರ್ ಸಿಗದಿದ್ದರೂ 112ಕ್ಕೆ ಹಚ್ಚಿ ನೋಡಬೇಕು. ಆ ಕರೆ ಅಲ್ಲಿ ಸಿಗುವ ಯಾವ ಕಂಪನಿಯ ಟವರಿನ ಮೂಲಕವಾದರೂ ಹೋಗುತ್ತದೆ. ಇದನ್ನು ನಮ್ಮೂರಿನಲ್ಲಿ ಹೇಳಿದಾಗ ನಂಬಿದವರು ಕಡಿಮೆ.

ಈಗ ಒಪ್ಪಂದದ ಮಾತು. ನಮ್ಮ ಕಡೆ ರೀಚಾರ್ಜ್ ಎನ್ನುವುದಿಲ್ಲ, ‘ಕರೆನ್ಸಿ ಹಾಕಸೂದು’ ಎನ್ನುತ್ತಾರೆ. ಆ ಮಾತೇ ಸರಿ. ದುಡ್ಡು ಮೊದಲು ಕೊಡುತ್ತೇವೆ, ಸೇವೆ ಆಮೇಲೆ. ತಿಂಗಳಿಗೊಮ್ಮೆ ಅಂಗಡಿಗೆ ಅಲೆಯುವುದು ಬೇಡವೆಂದು ನಾನು ಅವ್ವನ ನಂಬರಿಗೆ 365 ದಿನದ ಪ್ಯಾಕ್ ಹಾಕಿಸಿದೆ. ಎರಡು ಎಕರೆ ತೊಗರಿಯ ಕಳೆ ತೆಗೆಸಲು ಕೂಲಿಗೆ ಸಾಲುವಷ್ಟು ರೊಕ್ಕ. ಹಾಕಿಸಿದ ಮೂರನೇ ತಿಂಗಳಿಗೆ ಮನೆಯೊಳಗೆ ಇದ್ದ ಒಂದು ಕಡ್ಡಿಯೂ ಹೋಯಿತು. ದೂರಿನ ನಂಬರ್ 198ಕ್ಕೆ ಹಚ್ಚಿದೆ. ಮಾತಾಡಿದ ಹುಡುಗ ವಿನಯದಿಂದಲೇ ಕೇಳಿಕೊಂಡು ಡಾಕೆಟ್ ಸಂಖ್ಯೆ ಕೊಟ್ಟ. ನಾಲ್ಕು ದಿನಕ್ಕೆ ಸಂದೇಶ ಬಂತು: ನಿಮ್ಮ ಪ್ರದೇಶದಲ್ಲಿ ಸೇವೆ ಸರಿಯಾಗಿದೆ, ದೂರು ಮುಕ್ತಾಯವಾಗಿದೆ. ಪ್ರದೇಶದಲ್ಲಿ ಸರಿಯಾಗಿರಬಹುದು. ಅವ್ವ ಬದುಕುವುದು ಪ್ರದೇಶದಲ್ಲಲ್ಲ, ಮನೆಯಲ್ಲಿ. ಇನ್ನೊಮ್ಮೆ ದೂರು ಕೊಟ್ಟೆ, ಮತ್ತದೇ ಉತ್ತರ. ಬೇರೆ ಕಂಪನಿಗೆ ಹೋಗುತ್ತೇನೆ, ಉಳಿದ ಒಂಬತ್ತು ತಿಂಗಳ ರೊಕ್ಕ ವಾಪಸು ಕೊಡಿ ಎಂದು ಕೇಳಿದೆ. ಕಂಪನಿ ಬದಲಿಸಿಕೊಂಡು ಹೋದರೆ ಉಳಿದ ಅವಧಿ ರದ್ದಾಗುತ್ತದೆ, ಹಣ ವಾಪಸಿಲ್ಲ ಎಂದರು. ಊರಿನ ಕಿರಾಣಿ ಅಂಗಡಿಯವ ಹುಳ ಬಿದ್ದ ಬೇಳೆ ಕೊಟ್ಟರೆ ಅವ್ವ ಹೋಗಿ ಅವನ ಕಟ್ಟೆಯ ಮೇಲೆ ಸುರಿದು ಬರುತ್ತಾಳೆ. ಈ ಬೇಳೆಯನ್ನು ಎಲ್ಲಿ ಸುರಿಯುವುದು?

ಕಾನೂನು ಏನನ್ನುತ್ತದೆ ಎಂದು ಹುಡುಕಿದೆ. ಮಾತಿನ ಮಧ್ಯೆ ಕಟ್ಟಾದ ಪ್ರತಿ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರರ ಮಿತಿಯಲ್ಲಿ, ಗ್ರಾಹಕನಿಗೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2015ರಲ್ಲಿ ನಿಯಮ ಮಾಡಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಈಗ ಇರುವುದು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗುಣಮಟ್ಟದ ನಿಯಮಗಳು. ಅವುಗಳ ಪ್ರಕಾರ ಒಂದು ಜಿಲ್ಲೆಯಲ್ಲಿ 24 ಗಂಟೆಗಿಂತ ಹೆಚ್ಚು ಕಾಲ ದೊಡ್ಡ ಪ್ರಮಾಣದಲ್ಲಿ ನೆಟ್‌ವರ್ಕ್ ನಿಂತುಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ಅಷ್ಟು ದಿನ ಅವಧಿ ವಿಸ್ತರಣೆ ಸಿಗಬೇಕು. ಒಳ್ಳೆಯ ನಿಯಮ. ಇಡೀ ಜಿಲ್ಲೆ ಒಂದು ದಿನ ಮೂಕಾದರೆ ಕಾನೂನಿಗೆ ಕೇಳಿಸುತ್ತದೆ. ಒಂದು ಮನೆ ವರ್ಷವಿಡೀ ಮೂಕಾಗಿದ್ದರೆ ಕೇಳಿಸುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದೂ ಅದೇ ನಿಯಮ ಹೇಳುತ್ತದೆ, ಪ್ರಕಟಿಸಿದ್ದಾರೆ ಕೂಡ. ನಮ್ಮೂರು ಅದರಲ್ಲಿ ಬಣ್ಣ ತುಂಬಿಕೊಂಡು ನಿಂತಿದೆ. ಆ ಬಣ್ಣ ಬಯಲಿನದು. ಒಂದೂವರೆ ಮೊಳದ ಗೋಡೆ ಯಾವ ನಕ್ಷೆಯಲ್ಲೂ ಇಲ್ಲ.

ಸಿಗ್ನಲ್ ಇಲ್ಲದ ಕರ್ನಾಟಕ ಎಂದರೆ ನಾಡಿಗೆ ನೆನಪಾಗುವುದು ಮಲೆನಾಡು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ಮಳೆಯ ನಡುವೆ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಅವರ ಕಷ್ಟ ದೊಡ್ಡದು, ಅವರ ಕೂಗು ದೊಡ್ಡದಾಗಿ ಕೇಳಿಸಿದ್ದು ನ್ಯಾಯವೇ. ಬಯಲುಸೀಮೆಯವರ ಕಷ್ಟಕ್ಕೆ ಅಂಥದೊಂದು ಚಿತ್ರವಿಲ್ಲ. ಇಲ್ಲಿ ಕಾಡಿಲ್ಲ, ಕಣಿವೆಯಿಲ್ಲ, ದೂರದಲ್ಲಿ ಟವರ್ ಕಾಣಿಸುತ್ತಲೇ ಇರುತ್ತದೆ. ಪೂರ್ತಿ ಕತ್ತಲಿರುವ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಆದರೆ ಅರ್ಧ ಬೆಳಕಿನ ಊರು ಅಂಥ ಪಟ್ಟಿಗಳಿಗೆ ಸೇರುವುದಿಲ್ಲ. ಅಗಸಿಯಲ್ಲಿ ಎರಡು ಕಡ್ಡಿ ಇದೆಯಲ್ಲ!

ಅರ್ಧ ಬೆಳಕಿನಲ್ಲಿ ಬದುಕುವುದು ಹೇಗೆಂದು ಹೇಳುತ್ತೇನೆ. ಬ್ಯಾಂಕಿನ ಒಟಿಪಿ ಬರುವುದು ಮಾಳಿಗೆಯ ಮೇಲೆ, ಕಾಗದಪತ್ರ ಇಟ್ಟುಕೊಂಡು ಕೂತವರು ಕೆಳಗೆ. ನನ್ನ ಅಣ್ಣನ ಮಗಳು ನಿಚ್ಚಣಿಕೆಯ ತುದಿಯಲ್ಲಿ ನಿಂತು ಬೆಳಕಿಂಡಿಯಿಂದ ಕೂಗುತ್ತಾಳೆ: “ನಾಕ… ಏಳ… ಏಳ… ಸೊನ್ನಿ…” ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ಬರೆದು ಕಳಿಸಿದ ಅಂಕಿ ಓಣಿಗೆಲ್ಲ ಕೇಳಿಸುತ್ತದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರಕ್ಕೆ ನೆಟ್ ಸಿಗದೆ ಹೆಂಗಸರು ಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಅರ್ಧ ದಿನ ಕೂರುತ್ತಾರೆ, ಅರ್ಧ ದಿನದ ಹತ್ತಿ ಬಿಡಿಸುವ ಕೂಲಿ ಹೋಗುತ್ತದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲೇ ಹಾಜರಿ. ಕೆರೆಯಂಗಳದಲ್ಲಿ ತೆಗೆದ ಫೋಟೊ ಅಲ್ಲಿಂದ ಹೋಗದೆ, ಹಾಜರಿ ಹಿಡಿಯುವ ಮೇಟಿ ಟವರ್ ಹುಡುಕಿಕೊಂಡು ಡಾಂಬರು ರಸ್ತೆಯ ತನಕ ಹೋಗಿ ಬರುತ್ತಾನೆ. ಸಿಗ್ನಲ್ ಸಣ್ಣದಿದ್ದಲ್ಲಿ ಫೋನು ತನ್ನ ಪೂರ್ತಿ ಶಕ್ತಿ ಹಾಕಿ ಟವರನ್ನು ಕೂಗುತ್ತಿರುತ್ತದೆ, ಹಾಗಾಗಿ ಮಧ್ಯಾಹ್ನಕ್ಕೆಲ್ಲ ಬ್ಯಾಟರಿ ಖಾಲಿ. ಅವ್ವನ ಖಾಕಿ ಚೀಲ ಮುಟ್ಟಿದರೆ ಬೆಚ್ಚಗಿರುತ್ತದೆ, ಅದಕ್ಕೇ.

ಬೆಂಗಳೂರಿನ ಗೆಳೆಯರು ಸಿಗ್ನಲ್ ಬೂಸ್ಟರ್ ತರಿಸಿ ಮಾಳಿಗೆಗೆ ಹಾಕು ಎಂದರು. ಆನ್‌ಲೈನ್‌ನಲ್ಲಿ ಮೂರ್ನಾಲ್ಕು ಸಾವಿರಕ್ಕೆ ಸಿಗುತ್ತವೆ ಎಂದೂ ಹೇಳಿದರು. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಪರವಾನಗಿ ಇರುವ ಕಂಪನಿಗಳ ಹೊರತು ಬೇರೆಯವರು ಬೂಸ್ಟರ್ ಹಾಕುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಅದೂ ಅಲ್ಲದೆ ಕಳಪೆ ಬೂಸ್ಟರ್ ನಮ್ಮ ಮನೆಗೆ ಒಂದು ಕಡ್ಡಿ ತರುವ ಭರದಲ್ಲಿ ಟವರಿಗೆ ಗದ್ದಲ ತುಂಬಿ ಓಣಿಯ ಹತ್ತು ಮನೆಯ ಕಡ್ಡಿ ಕಳೆಯುತ್ತದೆ. ನ್ಯಾಯವಾದ ದಾರಿಯೊಂದಿದೆ, ವೈಫೈ ಕರೆ. ಶಹಾಪುರದಲ್ಲಿ ನನ್ನ ತಂಗಿಯ ಮನೆಯೂ ಕಲ್ಲಿನದೇ. ಅಲ್ಲಿ ಫೈಬರ್ ತಂತಿ ಬಂದ ಮೇಲೆ ಫೋನಿನಲ್ಲಿ ಆ ಸೌಲಭ್ಯ ಚಾಲೂ ಮಾಡಿದರು. ಈಗ ಟವರಿನ ಹಂಗಿಲ್ಲದೆ ದೇವರಕೋಣೆಯೊಳಗೂ ಫೋನು ಮಾತಾಡುತ್ತದೆ. ನಮ್ಮೂರಿನಲ್ಲಿ ತಂತಿ ಪಂಚಾಯಿತಿ ಕಟ್ಟಡದ ತನಕ ಬಂದಿದೆ. ಅಲ್ಲಿಂದ ನಮ್ಮ ಮನೆ ಇನ್ನೂರು ಹೆಜ್ಜೆ.

ಕೊನೆಗೆ ನಂಬರ್ ಬದಲಿಸದೆ ಕಂಪನಿ ಬದಲಿಸುವುದೇ ಸರಿ ಎಂದು ತೀರ್ಮಾನವಾಯಿತು. ಆ ಹಕ್ಕು ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. ಈ ಸಲ ಮೊದಲೇ ಪರೀಕ್ಷೆ ಮಾಡಿದೆವು. ಓಣಿಯಲ್ಲಿ ಮೂರು ಬೇರೆ ಬೇರೆ ಕಂಪನಿಯ ಫೋನು ಇದ್ದವರನ್ನು ಅವ್ವ ಚಹಾಕ್ಕೆ ಕರೆದಳು. ಮೂವರೂ ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು ನನಗೆ ಒಬ್ಬೊಬ್ಬರಾಗಿ ಫೋನು ಹಚ್ಚಿದರು. ಇಬ್ಬರದು ಹತ್ತಲಿಲ್ಲ. ಮೂರನೆಯ ಹೆಣ್ಣುಮಗಳ ದನಿ ಕೇಳಿಸಿತು, ಹಿಂದೆ ರೊಟ್ಟಿ ಬಡಿಯುವ ಸದ್ದೂ ಕೇಳಿಸಿತು. ಅದೇ ಕಂಪನಿ ಎಂದು ಗೊತ್ತುಮಾಡಿದೆವು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಸಂದೇಶ ಕಳಿಸಬೇಕು. ಅಣ್ಣನ ಮಗಳು ಅದನ್ನು ಕಳಿಸಿದ್ದು ಮಾಳಿಗೆ ಹತ್ತಿಯೇ. ಬರುವ ಸಂಕೇತಕ್ಕೆ ನಾಲ್ಕು ದಿನದ ಆಯಸ್ಸು, ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಹಳೆಯದರಲ್ಲಿ 90 ದಿನ ಕಳೆದಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಇರಬಾರದು, ಒಪ್ಪಂದದ ಶರತ್ತು ಮುಗಿದಿರಬೇಕು. ಅವ್ವ ಸುರಪುರದ ಸಂತೆಗೆ ಹೋದಾಗ ಫೋಟೊ ತೆಗೆಸಿ, ಬೆರಳೊತ್ತಿ ಬಂದಳು. ಮೂರನೇ ದಿನ ಹೊಸ ಸಿಮ್ ಜೀವ ಹಿಡಿಯಿತು. ಹಳೆಯ ಪ್ಯಾಕಿನ ಉಳಿದ ತಿಂಗಳುಗಳು ಹೋದವು. ಆ ರೊಕ್ಕಕ್ಕಾಗಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದಿದ್ದೇನೆ. 198ರ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ. ಅಲ್ಲಿಯೂ ಆಗದಿದ್ದರೆ ಗ್ರಾಹಕರ ಆಯೋಗವಿದೆ. ಟೆಲಿಕಾಂ ತಕರಾರುಗಳನ್ನು ಅದು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲೂ ಶುಲ್ಕವಿಲ್ಲ. ಡಾಕೆಟ್ ಸಂಖ್ಯೆಗಳನ್ನು ಅವ್ವ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿ ಇಟ್ಟಿದ್ದಾಳೆ.

ಮೊನ್ನೆ ರಾತ್ರಿ ಎಂಟಕ್ಕೆ ಫೋನು ಮಾಡಿದಾಗ ಒಲೆಯ ಮುಂದೆ ಕೂತೇ ಎತ್ತಿದಳು. ಎಂಟು ನಿಮಿಷ ಮಾತಾಡಿದೆವು. ಒಮ್ಮೆಯೂ ಕಟ್ಟಾಗಲಿಲ್ಲ. ಚೀಲ ಬಿಚ್ಚಿಬಿಡು ಎಂದೆ. “ಇರ್ಲಿ ಬಿಡು, ಮಳಿಗಾಲದಾಗ ಹ್ಯಾಂಗೋ ಏನೋ,” ಎಂದಳು.

ಊರಲ್ಲಿರುವ ನಿಮ್ಮವರ ನಂಬರಿಗೆ ವರ್ಷದ ಕರೆನ್ಸಿ ಹಾಕಿಸುವ ಮೊದಲು, ಅವರ ಮನೆಯ ಅಡುಗೆಕೋಣೆಯಿಂದ ಒಮ್ಮೆ ಫೋನು ಹಚ್ಚಿಸಿ ನೋಡಿ. ಅಲ್ಲಿ ಕೇಳಿಸದಿದ್ದರೆ ರೊಕ್ಕ ಕಟ್ಟಬೇಡಿ, ಈಗಾಗಲೇ ಕಟ್ಟಿದ್ದರೆ ಇವತ್ತೇ 198ಕ್ಕೆ ದೂರು ಕೊಟ್ಟು ಸಂಖ್ಯೆ ಬರೆದಿಟ್ಟುಕೊಳ್ಳಿ.